ಎಲೆಗೆ ಇರುವ ವಿಳಾಸ

ಸೇದುವ ಎಲೆಯ ಬಗ್ಗೆ ನಡೆಯುವಷ್ಟು ವಿಚಾರಣೆ ತಿನ್ನುವ ಕಾಯಿಯ ಬಗ್ಗೆ ನಡೆಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಯಾವ ಔಷಧಿ ಹೊಡೆಯಬಾರದು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಸೊಪ್ಪು ಮುರಿಯಬೇಕು ಎಂದು ಹೇಳುವವರಿದ್ದಾರೆ. ಹೊರದೇಶದ ಖರೀದಿದಾರರು ಎಲೆಯಲ್ಲಿ ಕೀಟನಾಶಕದ ಶೇಷ ಎಷ್ಟಿದೆ ಎಂದು ಕೇಳುತ್ತಾರೆ. ಕೋರೆಸ್ಟಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತಂಬಾಕಿಗೆಂದೇ ಶೇಷದ ಮಿತಿಗಳ ಪಟ್ಟಿ ಮಾಡಿಟ್ಟಿದೆ. ಹೊಗೆಯಿಂದ ಸಾಯುವವನು ಕೀಟನಾಶಕದಿಂದ ಸಾಯದಿರಲಿ ಎಂಬ ಕಾಳಜಿಯೋ ಏನೋ! ಇತ್ತ ಚುಂಚನಕಟ್ಟೆಯ ದನಗಳ ಜಾತ್ರೆಗೆ ಬಂದವರ ಸಾರಿಗೆ ಬೀಳುವ ಟೊಮೆಟೊವನ್ನು ಹೀಗೆ ವಿಚಾರಿಸುವವರು ಅಪರೂಪ.

ವಿಚಾರಿಸುವ ವಿದ್ಯೆ ದೂರದಲ್ಲೇನೂ ಇಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ವಿಚಾರಿಸಬೇಕಾದ ಕಾರಣವೂ ಹಳೆಯದೇ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಮತ್ತು ಗೋಧಿಹಿಟ್ಟು ಒಂದೇ ಹಡಗಿನಲ್ಲಿ ಬಂದು, ಆ ಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷ ಕಳೆದು, 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ತಕ್ಷಣ ಕೊಲ್ಲುವ ವಿಷವನ್ನು ಸಾವೇ ತೋರಿಸಿಕೊಡುತ್ತದೆ. ಅನ್ನದಲ್ಲಿ ದಿನವೂ ಚೂರುಚೂರು ಸೇರುವುದನ್ನು ತೋರಿಸಲು ಒಬ್ಬರು ಆಯುಷ್ಯವನ್ನೇ ಅದಕ್ಕೆ ಕೊಡಬೇಕಾಗುತ್ತದೆ.

ಆ ಆಯುಷ್ಯದ ಬಹುಪಾಲು ಪ್ರಯೋಗಾಲಯದಲ್ಲಿ ಹೆಚ್ಚುವುದು, ರುಬ್ಬುವುದು, ತೂಗುವುದರಲ್ಲಿ ಕಳೆಯುತ್ತದೆ. ಟೊಮೆಟೊದ ತೊಟ್ಟು ತೆಗೆದು, ತೊಳೆಯದೆ ಹಾಗೆಯೇ ಹೆಚ್ಚಿ ರುಬ್ಬುತ್ತಾರೆ. ಅದರಲ್ಲಿ 10-15 ಗ್ರಾಂ ಮುದ್ದೆಯನ್ನು ಕೊಳವೆಗೆ ಹಾಕಿ, ಅಸಿಟೋನೈಟ್ರೈಲ್ ಸುರಿದು, ನೀರು ಹೀರುವ ಲವಣ ಬೆರೆಸಿ ಕುಲುಕಿ, ಗಿರ್ರನೆ ತಿರುಗಿಸಿದರೆ ಮೇಲೆ ತಿಳಿ ನಿಲ್ಲುತ್ತದೆ. ಯಂತ್ರಕ್ಕೆ ಹೋಗುವುದು ಆ ತಿಳಿಯ ಒಂದು ಹನಿಗಿಂತಲೂ ಕಡಿಮೆ. ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಅನ್ವಯಿಸುವ ಮಿತಿ ಕಿಲೋಗೆ 0.01 ಮಿಲಿಗ್ರಾಂ, ಎಂದರೆ 100 ಟನ್ ಟೊಮೆಟೊದಲ್ಲಿ 1 ಗ್ರಾಂ. ಅಷ್ಟನ್ನೂ ಹಿಡಿಯುವ ಯಂತ್ರಗಳಿವೆ. ಆದರೂ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ವಿಷವೇ ಇಲ್ಲ ಎಂದು ತಿಳಿಯಬೇಕಾಗಿಲ್ಲ. ಹುಡುಕಿದ ಪಟ್ಟಿಯಲ್ಲಿರುವುದು ಈ ಯಂತ್ರದ ಕಣ್ಣಿಗೆ ಸಿಗಲಿಲ್ಲ, ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಬಾರದು, ಕಡಿಮೆಯೂ ಹೇಳಬಾರದು. ಈ ಸಂಯಮ ಸುಲಭದ್ದಲ್ಲ.

2003ರ ಆಗಸ್ಟ್‌ನಲ್ಲಿ ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇ ತಂಪು ಪಾನೀಯಗಳಲ್ಲಿ ಕೀಟನಾಶಕವಿದೆ ಎಂದು ಪ್ರಕಟಿಸಿದಾಗ, ಸರ್ಕಾರ 12 ಬ್ರ್ಯಾಂಡುಗಳ ಮಾದರಿಗಳನ್ನು ಮೈಸೂರಿನ ಈ ಸಂಸ್ಥೆಗೂ ಕೋಲ್ಕತ್ತದ ಪ್ರಯೋಗಾಲಯಕ್ಕೂ ಕಳಿಸಿತು. 9 ಬ್ರ್ಯಾಂಡುಗಳು ಯುರೋಪಿನ ಕುಡಿಯುವ ನೀರಿನ ಮಿತಿಯನ್ನು ಮೀರಿದ್ದವು. ಆದರೆ ತಂಪು ಪಾನೀಯಕ್ಕೆಂದು ಅಂಥ ಮಿತಿ ಆಗ ನಮ್ಮಲ್ಲಿ ಇರಲೇ ಇಲ್ಲ. ಕಂಪನಿಗಳು ತಾವು ಗೆದ್ದೆವೆಂದವು, ದೂರಿದವರೂ ತಾವು ಗೆದ್ದೆವೆಂದರು. ಅಂಕಿಗಳು ಎರಡೂ ಕಡೆಗೆ ಅವೇ. ಅಳೆದವರ ಪ್ರಾಮಾಣಿಕತೆ ಅಂಕಿಯವರೆಗೆ ಮಾತ್ರ ಅವರ ಕೈಯಲ್ಲಿರುತ್ತದೆ. ಯಾವುದನ್ನು ಅಳೆಯಬೇಕು, ಯಾರ ತಟ್ಟೆಯದನ್ನು ಎಂಬುದನ್ನು ಕೇಳುವವರ ಕಿಸೆ ತೀರ್ಮಾನಿಸುತ್ತದೆ. ಬಾಟಲಿಯ ಪಾನೀಯವನ್ನು ಸಂಸತ್ತೇ ವಿಚಾರಿಸಿತು, ಹೊಗೆಸೊಪ್ಪಿಗೆ ಡಾಲರು ಮಾತಾಡಿತು. ಮಾರುಕಟ್ಟೆಗಳಿಂದ ತರಕಾರಿ ತಂದು ಪರೀಕ್ಷಿಸುವ ಕೇಂದ್ರದ ಯೋಜನೆಯೊಂದು 2005-06ರಿಂದ ನಡೆದಿದೆ, ಸರಿ. ಆದರೆ ಪ್ರಯೋಗಾಲಯದ ವರದಿ ಬರುವಷ್ಟರಲ್ಲಿ ಅದೇ ಬುಟ್ಟಿಯ ಉಳಿದ ಟೊಮೆಟೊ ಸಾರಾಗಿ ಮುಗಿದಿರುತ್ತದೆ.

ರೈತನನ್ನು ಬೈಯುವುದು ಸಲೀಸು. ಟೊಮೆಟೊವನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಕೀಳಬೇಕು. ಔಷಧಿಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ಅದಕ್ಕಿಂತ ಹೆಚ್ಚು ದಿನ ಕಾಯಿರಿ ಎಂದು ಬರೆದಿರುವುದೂ ಉಂಟು. ನಾಳೆ ರೇಟು ಬಿದ್ದರೆ ಚೀಟಿ ಬರೆದವರು ಬಂದು ಕೊಳ್ಳುತ್ತಾರೆಯೇ? ‘ಮನೆಗೆ ಅಂತ ಆ ಸಾಲು ಬಿಟ್ಟಿದ್ದೀವಿ ಕಣಣ್ಣ, ಅದಕ್ಕೆ ಹೊಡೆಯಲ್ಲ’ ಎನ್ನುವ ರೈತನಿಗೆ ಯಾವ ವಿಜ್ಞಾನಿಯೂ ಶೇಷದ ಪಾಠ ಹೇಳಬೇಕಾಗಿಲ್ಲ. ಆದರೆ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು, ಬರಿಗೈಯಲ್ಲಿ ಔಷಧಿ ಕಲಸುವ ಅವನ ಮೈಗೆ ಹೋಗುವುದನ್ನು ಈ ಪರೀಕ್ಷೆಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಿತಿಗಳ ಪಟ್ಟಿಯಲ್ಲಿರುವುದು ತಿನ್ನುವವನ ಪಾಲು ಮಾತ್ರ.

ಹೊಗೆಸೊಪ್ಪಿನಲ್ಲಿ ಕೆಲಸ ಹೇಗೆ ಸಾಗುತ್ತದೆ ನೋಡಿ. ಬೆಳೆಗಾರನಿಗೆ ತಂಬಾಕು ಮಂಡಳಿಯ ನೋಂದಣಿ ಇದೆ, ಎಲೆ ಹದಮಾಡುವ ಬ್ಯಾರನ್ನಿಗೆ ಲೈಸೆನ್ಸ್ ಇದೆ, ಹರಾಜಿಗೆ ಬಂದ ಬೇಲು ಯಾರದೆಂದು ದಾಖಲೆಯಿದೆ. ಶೇಷ ಹೆಚ್ಚಿದ್ದರೆ ಯಾವ ಊರಿನ ಯಾವ ಮನೆಗೆ ಹೋಗಿ ಹೇಳಬೇಕೆಂದು ಹುಡುಕಲು ದಾರಿಯಿದೆ. ಕೆ.ಆರ್. ನಗರದ ಸಂತೆಗೆ ಬರುವ ಟೊಮೆಟೊಗೆ ಇಂಥ ವಿಳಾಸವಿಲ್ಲ. ಹತ್ತು ಊರಿನ ಕ್ರೇಟುಗಳು ಒಂದೇ ಟೆಂಪೋದಲ್ಲಿ ಬಂದಿಳಿದು, ಒಂದೇ ರಾಶಿಗೆ ಸೇರುತ್ತವೆ. ಆ ರಾಶಿಯಿಂದ ಒಂದು ಕಿಲೋ ಒಯ್ದು ಎಷ್ಟೇ ನಿಖರವಾಗಿ ಅಳೆದರೂ, ಸಿಕ್ಕ ಅಂಕಿಯನ್ನು ಯಾರ ಹೊಲಕ್ಕೆ ಮುಟ್ಟಿಸಬೇಕೆಂದು ಅಳೆದವರಿಗೂ ಗೊತ್ತಾಗುವುದಿಲ್ಲ.