ಉಳಿಸಿದ ಹಣ ಯಾರದು?

ಶುಕ್ರವಾರದ ನಮಾಝ್ ಮುಗಿಸಿ ಬೆಳಗಾವಿಯ ಮಸೀದಿಯಿಂದ ಹೊರಬರುತ್ತಿದ್ದಾಗ ನೆರೆಮನೆಯ ತರುಣನೊಬ್ಬ ನನ್ನನ್ನು ಬದಿಗೆ ಕರೆದ. ಉದ್ಯಮಬಾಗಿನ ಒಂದು ಕಾರ್ಖಾನೆಯ ಮಾರಾಟ ವಿಭಾಗದಲ್ಲಿ ಅವನಿಗೆ ಕೆಲಸ. ಆರ್ಡರುಗಳಿಗಾಗಿ ತಿಂಗಳಿಗೆರಡು ಬಾರಿ ಖಾನಾಪುರ, ನಂದಗಡ, ಲೋಂಡಾ ಕಡೆಗೆ ಹೋಗುತ್ತಾನೆ. ಖರ್ಚಿಗೆಂದು ಕಂಪೆನಿ ಒಂದು ಕಾರ್ಡು ಕೊಟ್ಟಿದೆ. ಕಾರ್ಡು ನಡೆಯದ ಕಡೆ ಕೈಯಿಂದ ಕೊಟ್ಟು ಬಿಲ್ಲು ತಂದರೆ ಹಣ ಮರಳಿ ಸಿಗುತ್ತದೆ.

"ಚಾಚಾ, ಮೊನ್ನೆ ಖಾನಾಪುರದಲ್ಲಿ ಒಂದು ರಾತ್ರಿ ಉಳಿಯಬೇಕಾಯಿತು. ಲಾಡ್ಜಿಗೆ ಎಂಟುನೂರು ರೂಪಾಯಿವರೆಗೆ ಕಂಪೆನಿ ಕೊಡುತ್ತದೆ. ನಾನು ಆಪಾನ ಮನೆಯಲ್ಲಿ ಉಳಿದೆ. ಪರಿಚಯದ ಲಾಡ್ಜಿನವನು ಬಿಲ್ಲು ಬರೆದು ಕೊಡುತ್ತೇನೆ ಎನ್ನುತ್ತಾನೆ. ಕಂಪೆನಿ ಹೇಗೂ ಕೊಡುತ್ತಿದ್ದ ಹಣ ತಾನೇ? ನಾನು ಉಳಿಸಿದ್ದನ್ನು ನಾನೇ ಇಟ್ಟುಕೊಂಡರೆ ತಪ್ಪೇನು?"

ಮಾನ್ಯ ಓದುಗರೇ, ಈ ಪ್ರಶ್ನೆ ಅವನೊಬ್ಬನದಲ್ಲ. ನಮ್ಮ ಮನೆಗಳ ಗಂಡು ಹೆಣ್ಣು ಮಕ್ಕಳು ಇಂದು ಕಂಪೆನಿ, ಕಚೇರಿ, ಶಾಲೆ, ಲಾರಿ ಏಜೆನ್ಸಿಗಳಲ್ಲಿ ದುಡಿಯುತ್ತಿದ್ದಾರೆ. ಬಡ್ಡಿ, ಲಂಚ, ಮದ್ಯದ ಕುರಿತು ನಾವು ಅವರನ್ನು ಎಚ್ಚರಿಸುತ್ತೇವೆ. ಆದರೆ ಪ್ರವಾಸದ ಬಿಲ್ಲಿನ ಕುರಿತು ಎಂದಾದರೂ ಮಾತನಾಡಿದ್ದೇವೆಯೇ?

ಮೊದಲು ಒಂದು ವ್ಯತ್ಯಾಸವನ್ನು ತಿಳಿಯಬೇಕು. ಕೆಲವು ಕಡೆ ದಿನಕ್ಕೆ ಇಷ್ಟೆಂದು ನಿಶ್ಚಿತ ಭತ್ತೆ ಕೊಡುತ್ತಾರೆ. ಅದರಲ್ಲಿ ನೀವು ರೊಟ್ಟಿ ಕಟ್ಟಿಕೊಂಡು ಹೋಗಿ ಉಳಿಸಿದರೆ ಉಳಿದದ್ದು ನಿಮ್ಮದೇ. ಒಪ್ಪಂದವೇ ಹಾಗಿದೆ. ಇನ್ನು ಕೆಲವು ಕಡೆ ನಿಜವಾಗಿ ಖರ್ಚಾದಷ್ಟನ್ನು ಮಾತ್ರ ಕೊಡುತ್ತಾರೆ. ಅಲ್ಲಿ ಎಂಟುನೂರು ಎಂಬುದು ನಿಮ್ಮ ಪಾಲಲ್ಲ, ಅದು ಮೇಲ್ಮಿತಿ. ಖರ್ಚೇ ಆಗದಿದ್ದರೆ ಹಕ್ಕೂ ಹುಟ್ಟುವುದಿಲ್ಲ. ಆ ತರುಣನ ಕಂಪೆನಿಯದು ಎರಡನೆಯ ಕ್ರಮ. ಆದ್ದರಿಂದ ಅವನು ಉಳಿಸಿದ್ದು ಯಜಮಾನನ ಹಣವನ್ನು, ತನ್ನದನ್ನಲ್ಲ. ಅದನ್ನು ಪಡೆಯಲು ಸುಳ್ಳು ಬಿಲ್ಲು ಬೇಕಾಯಿತು ಎಂಬುದೇ ಅದಕ್ಕೆ ಸಾಕ್ಷಿ. ನಮ್ಮದೇ ಆದ ವಸ್ತುವನ್ನು ಪಡೆಯಲು ಸುಳ್ಳಿನ ಅಗತ್ಯವೇನಿದೆ?

ಪ್ರವಾದಿವರ್ಯರು(ಸ) ಅಝ್ದ್ ಗೋತ್ರದ ಇಬ್ನುಲ್ಲುತ್ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ನೇಮಿಸಿದ್ದ ಘಟನೆ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಅವರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಬೇರ್ಪಡಿಸಿದರು. ಆಗ ಪ್ರವಾದಿವರ್ಯರು(ಸ) ಮಿಂಬರಿನ ಮೇಲಿನಿಂದ ಕೇಳಿದ ಪ್ರಶ್ನೆಯ ಸಾರ ಇಷ್ಟೇ: ಆತ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ? ಕೆಲಸದ ನಿಮಿತ್ತ ಕೈಸೇರುವ ಪ್ರತಿಯೊಂದು ಪೈಸೆಗೂ ಇದು ಒರೆಗಲ್ಲು. ಪೆಟ್ರೋಲ್ ಬಂಕಿನವನು ಲಾರಿ ಚಾಲಕನಿಗೆ ಕೊಡುವ ಕಮಿಷನ್, ಹೋಟೆಲಿನವನು ಹೆಚ್ಚು ಬರೆದು ಕೊಡುವ ಬಿಲ್ಲು, ಎಲ್ಲವನ್ನೂ ಇದಕ್ಕೆ ಉಜ್ಜಿ ನೋಡಿರಿ.

ಈಗ ನಮ್ಮ ನೆಪಗಳನ್ನು ನೋಡೋಣ. ಚಿಕ್ಕ ಮೊತ್ತ ಎನ್ನುತ್ತೇವೆ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಹೋಗಿ ಬರಲು 52. ಬೈಕಿನ ಲೆಕ್ಕದಲ್ಲಿ 70 ಎಂದು ಬರೆದರೆ ಯಾರಿಗೆ ತಿಳಿಯುತ್ತದೆ? ಆದರೆ ಕೆಲಸಕ್ಕೆ ನೇಮಿತನಾದವನು ಒಂದು ಸೂಜಿಯನ್ನು ಮರೆಮಾಡಿದರೂ ಅದು ವಂಚನೆಯೆಂದೂ, ಅದರೊಂದಿಗೇ ಅಂತ್ಯದಿನದಲ್ಲಿ ಬರಬೇಕಾಗುವುದೆಂದೂ ಮುಸ್ಲಿಮ್ ವರದಿ ಮಾಡಿದ ಹದೀಸ್ ಎಚ್ಚರಿಸುತ್ತದೆ.

ಎಲ್ಲರೂ ಮಾಡುತ್ತಾರೆ ಎನ್ನುತ್ತೇವೆ. ಎಲ್ಲರ ಲೆಕ್ಕವನ್ನು ಎಲ್ಲರೂ ಕೊಡುತ್ತಾರೆ, ನಮ್ಮದನ್ನು ನಾವೇ ಕೊಡಬೇಕು.

ಯಜಮಾನ ನಮ್ಮವನಲ್ಲ ಎಂಬ ಪಿಸುಮಾತೂ ಕೆಲವೆಡೆ ಕೇಳಿಬರುತ್ತದೆ. ಇದು ಎಲ್ಲಕ್ಕಿಂತ ಅಪಾಯಕಾರಿ. 622ರಲ್ಲಿ ಮಕ್ಕಾದ ವಿರೋಧಿಗಳು ಪ್ರವಾದಿವರ್ಯರ(ಸ) ಹತ್ಯೆಗೆ ಸಂಚು ಹೂಡಿದ್ದಾಗಲೂ ಆ ಊರಿನವರ ಅಮಾನತ್ತುಗಳು ಅವರ ಬಳಿಯೇ ಇದ್ದವು. ಅವುಗಳನ್ನು ಮಾಲಕರಿಗೆ ಮರಳಿಸಲೆಂದೇ ಅವರು ಹ. ಅಲಿ(ರ)ಯವರನ್ನು ಮಕ್ಕಾದಲ್ಲಿ ಬಿಟ್ಟು ಹಿಜ್ರತ್ ಹೋದರು. ಪ್ರಾಣ ತೆಗೆಯಲು ಬಂದವರ ಊರಿನ ಸೊತ್ತೂ ಸುರಕ್ಷಿತವಾಗಿದ್ದ ಕೈಗಳ ಅನುಯಾಯಿಗಳು ನಾವು. ಅನ್ನ ಕೊಡುವವನ ಕಾರ್ಡು ನಮ್ಮ ಕೈಯಲ್ಲಿ ಸುರಕ್ಷಿತವಲ್ಲವೆಂದಾದರೆ ಯಾವ ಮುಖದಿಂದ ಅವರ ಹೆಸರೆತ್ತೋಣ?

ಸಂಬಳ ಸಾಲದು ಎಂಬುದು ಕೊನೆಯ ನೆಪ. ಇದರಲ್ಲಿ ನೋವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹೆಚ್ಚು ಸಂಬಳವನ್ನು ಬಾಯಿಬಿಟ್ಟು ಕೇಳಬೇಕು, ಸಿಗದಿದ್ದರೆ ಬೇರೆ ಕೆಲಸ ಹುಡುಕಬೇಕು. ಬಿಲ್ಲಿನ ಮೂಲಕ ನಮಗೆ ನಾವೇ ಬಡ್ತಿ ಕೊಟ್ಟುಕೊಂಡರೆ ನಾವು ಫಿರ್ಯಾದಿಯೂ ನ್ಯಾಯಾಧೀಶರೂ ಆದಂತೆ.

ಹಾಗಾದರೆ ತಪ್ಪೆಲ್ಲ ನೌಕರನದೇ? ಅಲ್ಲ. ನಮ್ಮ ಓದುಗರಲ್ಲಿ ಅಂಗಡಿ, ವರ್ಕ್‌ಶಾಪ್, ಸಾರಿಗೆ ವ್ಯವಹಾರ ನಡೆಸುವವರೂ ಇದ್ದಾರೆ. ಅವರೊಂದಿಗೂ ಕೆಲವು ಮಾತು. ಲಾಡ್ಜಿನ ದರ ಏರಿದ್ದರೂ ಹತ್ತು ವರ್ಷದ ಹಿಂದಿನ ಮಿತಿಯನ್ನೇ ಇಟ್ಟರೆ, ನೌಕರ ಸಾಲ ಮಾಡಿ ಕೊಟ್ಟ ಹಣವನ್ನು ಎರಡು ತಿಂಗಳು ತಡೆದರೆ, ನೀವೇ ಅವನನ್ನು ಸುಳ್ಳಿನ ಬಾಗಿಲಿಗೆ ತಳ್ಳುತ್ತಿದ್ದೀರಿ. ನಂದಗಡದ ಚಹದಂಗಡಿಯವನು ಬಿಲ್ಲು ಕೊಡುವುದಿಲ್ಲ. ಬಿಲ್ಲಿಲ್ಲದೆ ಒಂದು ರೂಪಾಯಿಯನ್ನೂ ಕೊಡೆ ಎಂದರೆ ನೌಕರ ಎಲ್ಲಿಂದಲೋ ಬಿಲ್ಲು ತರುತ್ತಾನೆ. ಅದರ ಬದಲು, ಎಲ್ಲಿ, ಏಕೆ, ಎಷ್ಟು ಎಂದು ಅವನೇ ಬರೆದು ಸಹಿ ಹಾಕಿದ ವೋಚರನ್ನು ಒಂದು ಮಿತಿಯೊಳಗೆ ಒಪ್ಪಿಕೊಳ್ಳಿರಿ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಉಪದೇಶ ಅವನ ಖರ್ಚಿಗೂ ಅನ್ವಯಿಸದೇ? ನಿಯಮವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಿರಿ. ತಿಳಿಸದ ನಿಯಮಕ್ಕೆ ಶಿಕ್ಷೆ ಕೊಡುವುದು ಅನ್ಯಾಯ.

ಲೆಕ್ಕ ಕೇಳಿದರೆ ನೌಕರನನ್ನು ಶಂಕಿಸಿದಂತಾಗುವುದಿಲ್ಲವೇ ಎಂದು ಕೆಲವು ಮೃದು ಹೃದಯದ ಮಾಲಕರು ಹಿಂಜರಿಯುತ್ತಾರೆ. ಇಬ್ನುಲ್ಲುತ್ಬಿಯ್ಯ ಮರಳಿದಾಗ ಪ್ರವಾದಿವರ್ಯರು(ಸ) ಅವರಿಂದ ಲೆಕ್ಕ ತೆಗೆದುಕೊಂಡರು ಎಂದು ಹದೀಸಿನಲ್ಲಿದೆ. ಸಾಲದ ವ್ಯವಹಾರವನ್ನು ಬರೆದಿಡುವಂತೆ ಆದೇಶಿಸುವ ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತವೇ ಕುರ್‌ಆನಿನ ಅತಿ ದೀರ್ಘ ಸೂಕ್ತ. ಎಲ್ಲರಿಂದಲೂ ಒಂದೇ ರೀತಿಯಲ್ಲಿ, ತಿಂಗಳು ತಿಂಗಳು ಲೆಕ್ಕ ಪಡೆಯುವುದು ಶಂಕೆಯಲ್ಲ, ಪ್ರಾಮಾಣಿಕನಿಗೆ ಅದು ರಕ್ಷೆ. ಒಬ್ಬನ ಮೇಲೆ ಮಾತ್ರ ಕಣ್ಣಿಟ್ಟು ಗುಟ್ಟಾಗಿ ಬೆನ್ನುಹತ್ತುವುದು ಶಂಕೆ.

ಕಾರ್ಡು ಯಾವ ಅಂಗಡಿಯಲ್ಲಿ, ಯಾವ ದಿನ, ಎಷ್ಟು ಹಣ ಹೋಯಿತೆಂದು ದಾಖಲಿಸುತ್ತದೆ. ತೈಲ ಕಂಪೆನಿಗಳು ಲಾರಿ ಮಾಲಕರಿಗೆ ಕೊಡುವ ಎಕ್ಸ್‌ಟ್ರಾಪವರ್, ಸ್ಮಾರ್ಟ್‌ಫ್ಲೀಟ್‌ನಂತಹ ಇಂಧನ ಕಾರ್ಡುಗಳೂ ಹಾಗೆಯೇ. ಆದರೆ ಡೀಸೆಲ್ ಲಾರಿಯ ಟ್ಯಾಂಕಿಗೆ ಇಳಿಯಿತೋ ಡಬ್ಬಿಗೆ ಇಳಿಯಿತೋ, ತಟ್ಟೆಯ ಮುಂದೆ ಗ್ರಾಹಕ ಕುಳಿತಿದ್ದನೋ ಗೆಳೆಯನೋ ಎಂಬುದನ್ನು ಕಾರ್ಡು ಕಾಣದು. ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ಪ್ರಕಾರ ನೌಕರನು ಎಸಗುವ ನಂಬಿಕೆದ್ರೋಹಕ್ಕೆ ಏಳು ವರ್ಷದವರೆಗೆ ಸೆರೆವಾಸವಾಗಬಹುದು. ಆದರೆ ಎಂಟುನೂರು ರೂಪಾಯಿಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ? ಯಂತ್ರ ಕಾಣದ, ಕಾನೂನು ತಲಪದ ಆ ಜಾಗದಲ್ಲೇ ಈಮಾನಿನ ಪರೀಕ್ಷೆ ನಡೆಯುವುದು.

ಈವರೆಗೆ ತಪ್ಪಿದವರು ಏನು ಮಾಡಬೇಕು? ಮನುಷ್ಯರ ಹಕ್ಕಿಗೆ ಸಂಬಂಧಿಸಿದ ಪಾಪದಲ್ಲಿ ನಾಲಗೆಯ ತೌಬಾ ಸಾಲದು, ಹಕ್ಕನ್ನು ಮರಳಿಸಬೇಕು. ಅಂದಾಜು ಮಾಡಿ, ತುಸು ಹೆಚ್ಚಾಗಿಯೇ ಲೆಕ್ಕ ಹಾಕಿ, ಯಜಮಾನನಿಗೆ ಹೇಳಿ ಕೊಡಬಹುದು. ಹೇಳುವ ಧೈರ್ಯವಿಲ್ಲದಿದ್ದರೆ ಹೇಗಾದರೂ ಅವನಿಗೆ ಸೇರಿಸಬೇಕು. ಮುಂದಕ್ಕೆ, ಅವಸರದಲ್ಲಿ ಸ್ವಂತ ಖರ್ಚಿಗೆ ಕಂಪೆನಿಯ ಕಾರ್ಡು ಬಳಕೆಯಾದರೆ ಅಂದೇ ತಿಳಿಸಿ ತುಂಬಿಬಿಡಿರಿ. ನಾಳೆ ಎಂದರೆ ಮರೆಯುತ್ತೇವೆ, ಮರೆತದ್ದು ಅಭ್ಯಾಸವಾಗುತ್ತದೆ.

ಆ ತರುಣನಿಗೆ ನಾನು ಇದಿಷ್ಟನ್ನೂ ಹೇಳಲಿಲ್ಲ. "ಬೇಟಾ, ಆಪಾನ ಮನೆಯಲ್ಲಿ ಉಳಿದೆ ಎಂದು ಹಾಗೆಯೇ ಬರೆದುಕೊಡು" ಎಂದೆ. ಎರಡು ವಾರದ ನಂತರ ಸಿಕ್ಕಾಗ ಅವನು ನಕ್ಕ. ಹಾಗೆಯೇ ಬರೆದುಕೊಟ್ಟಿದ್ದನಂತೆ. ಯಜಮಾನರು ಹೊಗಳಲೂ ಇಲ್ಲ, ಏನನ್ನೂ ಕೊಡಲೂ ಇಲ್ಲ. "ಆದರೆ ಚಾಚಾ, ಈಗ ಅಕೌಂಟ್ಸಿನವರು ಕರೆದರೆ ಎದೆ ಹೊಡೆದುಕೊಳ್ಳುವುದಿಲ್ಲ" ಎಂದ.

ಓದುಗರೇ, ಎಂಟುನೂರು ರೂಪಾಯಿಗೆ ಆ ನೆಮ್ಮದಿಯನ್ನು ಮಾರುವುದು ಲಾಭದ ವ್ಯಾಪಾರವೇ? ಇಂದು ಅಕೌಂಟ್ಸಿನವರು ಕರೆಯುತ್ತಾರೆ, ನಾಳೆ ಕರೆಯುವವನು ಬೇರೆ. ಅಂದು ನಮ್ಮ ಕೈಯಲ್ಲಿ ಸುಳ್ಳು ಬಿಲ್ಲು ಇರದಂತೆ ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಕಾಪಾಡಲಿ. ಆಮೀನ್.