ಐದು ತಂತಿಯ ಸಾಲ

ಗಿಟಾರ್ ಕೊಂಡು ಎರಡು ವರ್ಷವಾದರೂ ನನಗೆ ಎಫ್ ಕಾರ್ಡ್ ಒಲಿದಿರಲಿಲ್ಲ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ, ಉಳಿದ ಮೂರು ಬೆರಳನ್ನು ಜೇಡರ ಕಾಲಿನ ಥರ ಹರಡಿ ಬಾರಿಸಿದರೆ ಎರಡು ತಂತಿ ನುಡಿಯೋದು, ನಾಲ್ಕು ಟಪ್ ಟಪ್ ಅನ್ನೋದು. ರಾತ್ರಿ ಅಮೆರಿಕದವರ ಜೊತೆ ಕಾಲ್ ಮುಗಿಸಿ ನಾನು ಗಿಟಾರ್ ಎತ್ತಿಕೊಂಡೆ ಅಂದರೆ ಹೆಂಡತಿ ಬೆಡ್‌ರೂಮ್ ಬಾಗಿಲು ಹಾಕಿಕೊಳ್ಳೋಳು.

ಒಂದು ಶನಿವಾರ ನಮ್ಮ ಟೀಮಿನ ಟೆಸ್ಟಿಂಗ್ ಹುಡುಗ ಮನೆಗೆ ಬಂದವನು ಗಿಟಾರ್ ಇಸ್ಕೊಂಡು ಬಿರಡೆ ತಿರುಗಿಸೋಕೆ ಶುರುಮಾಡಿದ. ಎಲ್ಲಕ್ಕಿಂತ ದಪ್ಪ ಇರುವ ಆರನೇ ತಂತಿಯನ್ನು ಇ ಇಂದ ಡಿಗೆ ಇಳಿಸಿದ. ಐದನೆಯದನ್ನು ಎ ಇಂದ ಜಿಗೆ. ತೆಳ್ಳನೆಯ ಒಂದನೇ ತಂತಿಯನ್ನೂ ಇ ಇಂದ ಡಿಗೆ. ನಡುವಿನ ಮೂರನ್ನು ಮುಟ್ಟಲಿಲ್ಲ. "ಈಗ ಏನೂ ಒತ್ಬೇಡಿ, ಸುಮ್ನೆ ಬಾರಿಸಿ" ಅಂದ. ಬಾರಿಸಿದೆ. ಎಡಗೈ ತೊಡೆಯ ಮೇಲಿತ್ತು, ಇಡೀ ಗಿಟಾರ್ ತುಂಬಿಕೊಂಡು ಜಿ ಮೇಜರ್ ನುಡಿಯಿತು.

ಇದಕ್ಕೆ ಓಪನ್ ಜಿ ಅಂತಾರೆ. ಡಿ ಜಿ ಡಿ ಜಿ ಬಿ ಡಿ. ಜಿಯನ್ನೇ ಸ ಅಂದುಕೊಳ್ಳಿ, ಆಗ ಪ ಸ ಪ ಸ ಗ ಪ ಆಯ್ತು. ತಂಬೂರಿ ಮೀಟಿದ್ದನ್ನು ಕೇಳಿದವರಿಗೆ ಇದು ಹೊಸದೇನಲ್ಲ, ಗಾಂಧಾರ ಒಂದು ಜಾಸ್ತಿ ಅಷ್ಟೇ. ಐದನೇ ಫ್ರೆಟ್ಟಿನಲ್ಲಿ ಒಂದು ಬೆರಳು ಅಡ್ಡ ಹಾಕಿದರೆ ಸಿ ಕಾರ್ಡ್. ಆ ಬೆರಳನ್ನು ಹಾಗೇ ಇಟ್ಟು ಎರಡನೇ ತಂತಿಯಲ್ಲಿ ಒಂದು ಫ್ರೆಟ್ ಮುಂದೆ ಮಧ್ಯದ ಬೆರಳು, ನಾಲ್ಕನೆಯದರಲ್ಲಿ ಎರಡು ಫ್ರೆಟ್ ಮುಂದೆ ಉಂಗುರದ ಬೆರಳು ಇಟ್ಟರೆ ಅದೇ ಎಫ್! ಎರಡು ವರ್ಷ ನನ್ನನ್ನು ಅಳಿಸಿದ ಎಫ್. ಆ ಎರಡು ಬೆರಳನ್ನು ಇಟ್ಟು ತೆಗೆದು ಇಟ್ಟು ತೆಗೆದು, ಆಮೇಲೆ ಕೈಯನ್ನು ಮೂರನೇ ಫ್ರೆಟ್ಟಿಗೆ ಜಾರಿಸಿ ಅದೇ ಆಟ ಆಡಿದರೆ ರೋಲಿಂಗ್ ಸ್ಟೋನ್ಸ್‌ನ 'ಸ್ಟಾರ್ಟ್ ಮಿ ಅಪ್' ರಿಫ್ ಮನೆಯೊಳಗೆ ಬಂದುಬಿಡುತ್ತೆ. 1981ರ ಹಾಡು. 1995ರಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ 95ರ ಜಾಹೀರಾತಿಗೆ ಹಾಕಿಕೊಂಡಿದ್ದರು, ಸ್ಟಾರ್ಟ್ ಬಟನ್ ಬಂತಲ್ಲ, ಅದಕ್ಕೆ. ಅವತ್ತು ಹೆಂಡತಿ ಬಾಗಿಲು ತೆಗೆದು ಇಣುಕಿ ನೋಡಿದಳು.

ಇದು ಮೋಸ ಅಲ್ವಾ ಅಂತ ಒಂದು ವಾರ ತಲೆ ಕೆರೆದುಕೊಂಡೆ. ಆಮೇಲೆ ಬಿಟ್ಟೆ. ಬೆರಳು ಮಾಡೋ ಕೆಲಸದಲ್ಲಿ ಅರ್ಧವನ್ನು ಬಿರಡೆಗೆ ವಹಿಸಿದ್ದೇನೆ ಅಷ್ಟೇ. ಕೋಡ್ ಬರೆಯೋ ಬದಲು ಕಾನ್ಫಿಗ್ ಫೈಲ್ ಬದಲಾಯಿಸಿ ಸಂಬಳ ತಗೊಳ್ಳೋ ನಾವು ಅದನ್ನು ಮೋಸ ಅನ್ನೋ ಹಾಗಿಲ್ಲ.

ನನ್ನನ್ನು ಬಿಡದೆ ಹಿಡಿದುಕೊಂಡ ಪ್ರಶ್ನೆ ಬೇರೆ.

ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಈ ಶ್ರುತಿಯಲ್ಲಿ ನುಡಿಸುವಾಗ ಆರನೇ ತಂತಿಯನ್ನೇ ಕಿತ್ತುಹಾಕುತ್ತಾನೆ. ಐದೇ ತಂತಿ, ತಳದಲ್ಲಿ ಜಿ. ಅವನ ಹಳೇ ಟೆಲಿಕಾಸ್ಟರ್ ಗಿಟಾರಿಗೆ 'ಮಿಕಾಬರ್' ಅಂತ ಹೆಸರು. ಡಿಕನ್ಸ್‌ನ 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯಲ್ಲಿ ಬರೋ ಮಿಕಾಬರ್ ಸಾಲದಲ್ಲೇ ಮುಳುಗಿದ, ನಾಳೆ ಏನೋ ಒಂದು ಒದಗಿ ಬರುತ್ತೆ ಅಂತ ಕಾಯುತ್ತಾ ಕೂತ ಮನುಷ್ಯ. ಹೆಸರಿಟ್ಟಾಗ ಕೀತ್‌ಗೆ ಹೊಳೆದಿತ್ತೋ ಇಲ್ಲವೋ, ಆ ಗಿಟಾರಿಗೆ ಅದಕ್ಕಿಂತ ಸರಿಯಾದ ಹೆಸರು ಸಿಗೋದು ಕಷ್ಟ. ಯಾಕೆಂದರೆ ಓಪನ್ ಜಿಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಬರೀ ಸಾಲವೇ ಸಿಗೋದು.

ಕೀತ್ ಇದನ್ನು ರೈ ಕೂಡರ್ ಎಂಬ ಗಿಟಾರಿಗನಿಂದ ಕಲಿತ. ಅರವತ್ತರ ದಶಕದ ಕೊನೆಯ ಮಾತು. 2010ರ ತನ್ನ ಆತ್ಮಕಥೆ 'ಲೈಫ್'ನಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಕೂಡರ್‌ಗೆ ಅದು ಬಂದಿದ್ದು ಕಪ್ಪು ಜನರ ಬ್ಲೂಸ್‌ನಿಂದ. ಮಡ್ಡಿ ವಾಟರ್ಸ್ 1948ರಲ್ಲೇ ಓಪನ್ ಜಿಯಲ್ಲಿ ರೆಕಾರ್ಡ್ ಮಾಡಿದ್ದ. ಸ್ಟೋನ್ಸ್ ತಮ್ಮ ಹೆಸರನ್ನು ತೆಗೆದುಕೊಂಡಿದ್ದೂ ಅದೇ ಮಡ್ಡಿ ವಾಟರ್ಸ್‌ನ 1950ರ ಹಾಡೊಂದರಿಂದ. ಇನ್ನೂ ಹಿಂದಕ್ಕೆ ಹೋದರೆ ಬ್ಯಾಂಜೋ. ಐದು ತಂತಿಯ ಬ್ಯಾಂಜೋದ ಮಾಮೂಲಿ ಶ್ರುತಿಯೂ ಜಿ ಡಿ ಜಿ ಬಿ ಡಿ, ಮೊದಲ ಜಿ ಮಾತ್ರ ಮೇಲಿನ ಸ್ಥಾಯಿಯದು. ಆ ಬ್ಯಾಂಜೋದ ಮೂಲ ಪಶ್ಚಿಮ ಆಫ್ರಿಕಾದಲ್ಲಿದೆ, ಸೋರೆ ಬುರುಡೆಗೆ ಚರ್ಮ ಬಿಗಿದ ವಾದ್ಯಗಳಲ್ಲಿ. ಹಡಗಿನ ತಳದಲ್ಲಿ ಸರಪಳಿ ಹಾಕಿಸಿಕೊಂಡು ಬಂದವರು ವಾದ್ಯವನ್ನು ಹೊತ್ತು ತಂದಿರಲಾರರು. ಅದನ್ನು ಕಟ್ಟೋದು ಹೇಗೆ ಅನ್ನೋದು ತಲೆಯಲ್ಲಿತ್ತು.

ಈ ಸರಪಳಿಯಲ್ಲಿ ದುಡ್ಡು ಸಿಕ್ಕಿದ್ದು ಯಾರಿಗೆ? ಒಂದು ಉದಾಹರಣೆ ಹೇಳ್ತೀನಿ. ರಾಬರ್ಟ್ ಜಾನ್ಸನ್ ಅನ್ನೋ ಮಿಸ್ಸಿಸ್ಸಿಪ್ಪಿಯ ಹಾಡುಗಾರ 1936 ಮತ್ತು 37ರಲ್ಲಿ ಒಟ್ಟು 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡ. ಅವನ 'ಲವ್ ಇನ್ ವೇನ್' ಅನ್ನು ಸ್ಟೋನ್ಸ್ 1969ರ ಆಲ್ಬಮ್ಮಿನಲ್ಲಿ ಹಾಡಿದರು. ಶುರುವಿನ ಮುದ್ರಣಗಳಲ್ಲಿ ಹಾಡು ಕಟ್ಟಿದವನ ಜಾಗದಲ್ಲಿ ಜಾನ್ಸನ್ ಹೆಸರಿಲ್ಲ, 'ವುಡಿ ಪೇನ್' ಅಂತ ಇದೆ. ಆ ಹಾಡು ಯಾರ ಸೊತ್ತೂ ಅಲ್ಲ ಅನ್ನೋ ವಾದ ಕೋರ್ಟಿನಲ್ಲಿ ಬಿದ್ದುಹೋಗಿದ್ದು 2000ದಲ್ಲಿ. ಜಾನ್ಸನ್‌ಗೆ ಮಗನೊಬ್ಬನಿದ್ದ, ಕ್ಲಾಡ್ ಜಾನ್ಸನ್, ಜಲ್ಲಿ ಲಾರಿ ಓಡಿಸುತ್ತಿದ್ದವನು. ಇವನೇ ವಾರಸುದಾರ ಅಂತ ಮಿಸ್ಸಿಸ್ಸಿಪ್ಪಿಯ ನ್ಯಾಯಾಲಯ 1998ರಲ್ಲಿ ಹೇಳುವಷ್ಟರಲ್ಲಿ ಅವನಿಗೇ ಅರವತ್ತು ದಾಟಿತ್ತು. ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಹಣ ಬಂತು. ಅಪ್ಪ ಸತ್ತು ಅರವತ್ತು ವರ್ಷದ ಮೇಲೆ.

ಈ ಕಥೆ ಓದಿದಾಗ ನನಗೆ ಸಮಾಧಾನವೇ ಆಗಿತ್ತು. ನೋಡಿ, ತಡವಾದರೂ ಲೆಕ್ಕ ಚುಕ್ತಾ ಆಯ್ತಲ್ಲ. ನಾವು ಓಪನ್ ಸೋರ್ಸ್ ಕೋಡ್ ಎತ್ತಿಕೊಂಡು ಮೇಲ್ಗಡೆ ನಾಲ್ಕು ಸಾಲು ಲೈಸೆನ್ಸ್ ಅಂಟಿಸಿ ಕೈ ತೊಳೆದುಕೊಳ್ಳುತ್ತೀವಲ್ಲ, ಆ ಥರದ ಸಮಾಧಾನ.

ಆಮೇಲೆ ಆಫೀಸಿನ ಆನ್ಯುಯಲ್ ಡೇ ಬಂತು. ನಮ್ಮ ಐದು ಜನರ ಬ್ಯಾಂಡಿಗೆ ಮೂರು ಹಾಡು ಅಂತ ಆಯ್ತು. ಒಂದು 'ಬ್ರೌನ್ ಶುಗರ್'. ನನ್ನ ಕೈಗೆ ಎಲ್ಲಕ್ಕಿಂತ ಚೆನ್ನಾಗಿ ಕೂತ ರಿಫ್ ಅದೇ. (ಅದನ್ನು ಕಟ್ಟಿದ್ದು ಕೀತ್ ಅಲ್ಲ, ಹೆಚ್ಚಾಗಿ ಮಿಕ್ ಜಾಗರ್ ಅಂತಾರೆ. ಅಲ್ಲೂ ಸಾಲ!) ಆರು ತಿಂಗಳಿಂದ ನುಡಿಸುತ್ತಿದ್ದೆ. ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಇಂಗ್ಲಿಷ್ ಹಾಡು ಅಂದರೆ ಇವತ್ತಿಗೂ ಒಂದು ವಾದ್ಯ ಇದ್ದ ಹಾಗೆ, ಬಾಯಿಂದ ಬರೋ ಇನ್ನೊಂದು ಶಬ್ದ. ಕೋರಸ್ ಹಾಡಬೇಕಲ್ಲ ಅಂತ ಸಾಹಿತ್ಯ ಪ್ರಿಂಟ್ ತೆಗೆದು ಕೂತು ಓದಿದೆ.

ಗುಲಾಮರನ್ನು ತುಂಬಿಕೊಂಡು ಬರೋ ಹಡಗು. ನ್ಯೂ ಆರ್ಲಿಯನ್ಸ್ ಪೇಟೆಯಲ್ಲಿ ಮಾರಾಟ. ರಾತ್ರಿಯಲ್ಲಿ ಹೆಂಗಸರ ಮೇಲೆ ಚಾಟಿ ಬೀಸೋ ಯಜಮಾನ. ಆಮೇಲೆ ಕಪ್ಪು ಹುಡುಗಿಯ ರುಚಿ ಹೊಗಳೋ ಕೋರಸ್. ಇದಿಷ್ಟೂ ಕುಣಿಯೋ ತಾಳದಲ್ಲಿ. ರೆಕಾರ್ಡ್ ಮಾಡಿದ್ದು ಎಲ್ಲಿ ಗೊತ್ತಾ? 1969ರ ಡಿಸೆಂಬರಿನಲ್ಲಿ, ಅಲಬಾಮಾದಲ್ಲಿ, ಹತ್ತಿಯ ಸೀಮೆಯಲ್ಲೇ. ಈಗಾಗಿದ್ದರೆ ಅಂಥದ್ದನ್ನು ಬರೆಯುತ್ತಿರಲಿಲ್ಲ ಅಂತ ಜಾಗರ್ 1995ರಲ್ಲೇ ಹೇಳಿದ್ದ. 2021ರ ಟೂರಿನಲ್ಲಿ ಹಾಡನ್ನೇ ಕೈಬಿಟ್ಟರು. ಅದು ಗುಲಾಮಗಿರಿಯ ಘೋರವನ್ನು ಹೇಳೋ ಹಾಡು, ಜನಕ್ಕೆ ಅರ್ಥವಾಗಿಲ್ಲ ಅನ್ನೋದು ಕೀತ್ ವಾದ. ಇದ್ದರೂ ಇರಬಹುದು. ಆದರೆ ಘೋರವನ್ನು ಹೇಳೋ ಹಾಡು ಅಷ್ಟು ಚಪ್ಪರಿಸಿಕೊಂಡು ಹೇಳಬೇಕಾ?

ಪ್ರಾಕ್ಟೀಸಿಗೆ ಹೋದಾಗ ಇದು ಬೇಡ ಅಂದೆ. ನಮ್ಮ ಹಾಡುಗಾರ, "ಮಗಾ, ಯಾರ್ ಲಿರಿಕ್ಸ್ ಕೇಳ್ತಾರೆ? ಗುರುವಾರ ಹೇಳ್ತಿದ್ದೀಯಲ್ಲ, ಶನಿವಾರ ಶೋ" ಅಂದ. ಡ್ರಮ್ಸ್ ಬಾರಿಸೋಳು ಯೋಚನೆ ಮಾಡಿ, "ಹಾಡು ಬೇಡ, ರಿಫ್ ಮಾತ್ರ ನುಡಿಸೋಣ. ರಿಫ್ ಏನ್ ಪಾಪ ಮಾಡಿದೆ?" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ಕೆಟ್ಟದ್ದು, ನಾದ ಚೊಕ್ಕ ಅಂತ ಬೇರೆ ಮಾಡೋಕಾಗುತ್ತಾ? ನಿಜ ಹೇಳಬೇಕಂದ್ರೆ ಸಾಹಿತ್ಯ ಓದಿದ ರಾತ್ರಿಯೂ ನಾನು ಆ ರಿಫ್ ನುಡಿಸಿದೆ. ಮನಸ್ಸು ಹೇಸಿಕೊಂಡಿತ್ತು, ಬೆರಳಿಗೆ ಮಾತ್ರ ಎಂದಿನ ಖುಷಿ. ನನಗೆ ಭಯ ಆಗಿದ್ದು ಅಲ್ಲೇ. ಒಂದೇ ಮೈಯಲ್ಲಿ ಎರಡೂ ಆರಾಮಾಗಿ ಇರಬಹುದು. ಇದು ನನಗೆ ಅಲಬಾಮಾದಿಂದ ಗೊತ್ತಾಗಬೇಕಿರಲಿಲ್ಲ.

ನಮ್ಮೂರು ತಿಪಟೂರು ಕಡೆ. ನಮ್ಮ ತೋಟದಲ್ಲಿ ಕಾಯಿ ಸುಲಿಯೋಕೆ ಬರ್ತಿದ್ದ ಒಬ್ಬರು ಜಾತ್ರೆಯಲ್ಲಿ ತಮಟೆ ಬಾರಿಸೋರು. 'ಒಬ್ಬರು', 'ಬಾರಿಸೋರು' ಅಂತ ಇಲ್ಲಿ ಬರೀತಿದ್ದೀನಿ, ಮನೆಯಲ್ಲಿ ನಾವು ಯಾರೂ ಹಾಗೆ ಅಂದವರಲ್ಲ. ಅವರಿಗೆ ಅರವತ್ತು, ನನಗೆ ಎಂಟು ವರ್ಷ. ಅವರು ನನ್ನನ್ನು 'ಸಣ್ಣಪ್ಪೋರೆ' ಅನ್ನೋರು, ನಾನು ಅವರನ್ನು 'ಬಾರೋ ಹೋಗೋ' ಅನ್ನೋನು. ಅವ್ವ ಟೀ ಕೊಡ್ತಿದ್ದಿದ್ದು ಕೊಟ್ಟಿಗೆ ಗೋಡೆ ಮೇಲೆ ಬೋರಲು ಹಾಕಿದ್ದ ಲೋಟದಲ್ಲಿ. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕೋರು. ಜಾತ್ರೆಯ ರಾತ್ರಿ ತೆಂಗಿನ ಗರಿಯ ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸಿ, ಕಿವಿಗೆ ಹಿಡಿದು, ಬೆರಳಿಂದ ತಟ್ಟಿ, ಮತ್ತೆ ಕಾಯಿಸೋರು. ಈಗ ನಾನು ಫೋನಿನ ಆಪ್ ನೋಡಿಕೊಂಡು ತಂತಿ ಬಿಗಿ ಮಾಡ್ತೀನಲ್ಲ, ಶ್ರುತಿ ಕೂರಿಸೋದು ಅಂದರೇನು ಅಂತ ಮೊದಲು ಕಂಡಿದ್ದು ಆ ಬೆಂಕಿ ಮುಂದೆ.

ಕಾಯಿ ಸುಲಿಯೋ ನಡುವೆ ಸುಸ್ತಾದಾಗ ಒಣಗಿದ ಮಟ್ಟೆ ಮೇಲೆ ಎರಡು ಕಡ್ಡಿಯಲ್ಲಿ ನನಗೆ ಪೆಟ್ಟು ಹೇಳಿಕೊಟ್ಟಿದ್ದರು. "ಏಟು ಬೀಳೋ ಜಾಗದಾಗೆ ಹೊಡೀಬ್ಯಾಡಿ ಸಣ್ಣಪ್ಪೋರೆ, ಎಲ್ರೂ ಅಲ್ಲೇ ಹೊಡೀತಾರೆ. ಒಸಿ ಮುಂಚೇನೇ ಹೊಡೀರಿ." 'ಸ್ಟಾರ್ಟ್ ಮಿ ಅಪ್' ಶುರುವಾಗೋದೇ ಹಾಗೆ. ಎತ್ತುಗಡೆ ಎಲ್ಲಿ ಅಂತ ಕೇಳೋರಿಗೆ ದಿಕ್ಕು ತಪ್ಪುತ್ತೆ, ಡ್ರಮ್ಸ್ ಬಂದ ಮೇಲೇ ನೆಲ ಸಿಗೋದು. ನಮ್ಮ ಟೆಸ್ಟಿಂಗ್ ಹುಡುಗನಿಗೆ ಅದು ಸಿಗದೆ ಒದ್ದಾಡಿದ, ನನಗೆ ಮೊದಲ ದಿನವೇ ಸಿಕ್ಕಿತು. "ರಿದಮ್ ಎಲ್ಲಿ ಕಲಿತ್ರಿ?" ಅಂದ. ಯೂಟ್ಯೂಬ್ ಅಂದೆ.

ಯೂಟ್ಯೂಬ್ ಅಂದೆ. ಯೋಚನೆ ಕೂಡ ಮಾಡಲಿಲ್ಲ.

ಅವರು ಈಗಿಲ್ಲ. ನಾನು ಬಿಇ ಮೂರನೇ ವರ್ಷದಲ್ಲಿದ್ದಾಗ ತೀರಿಕೊಂಡರು, ಮಣ್ಣಿಗೆ ಹೋಗಲಿಲ್ಲ. ಪರೀಕ್ಷೆ ಇತ್ತು ಅಂತ ಹೇಳಬಹುದು, ಆದರೆ ಇರದಿದ್ದರೂ ಹೋಗುತ್ತಿರಲಿಲ್ಲ. ಮೊಮ್ಮಗ ಇಲ್ಲೇ ಪೀಣ್ಯದ ಹತ್ತಿರ ಇದ್ದಾನೆ, ಡೆಲಿವರಿ ಕೆಲಸ. ಊರಿನ ಒಬ್ಬ ಹುಡುಗನಿಂದ ನಂಬರ್ ತಗೊಂಡು ಫೋನ್ ಮಾಡಿದೆ. ಇದನ್ನೆಲ್ಲ ಬರೀಬೇಕು ಅಂತಿದ್ದೀನಿ, ನಿಮ್ಮ ತಾತನ ಪೂರ್ತಿ ಹೆಸರು ಏನು ಅಂತ ಕೇಳಿದೆ. ಹೌದು, ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕರೀತಿದ್ದ ಹೆಸರು ಅರ್ಧ ಹೆಸರು. ಉಳಿದರ್ಧ ರೇಷನ್ ಕಾರ್ಡಿನಲ್ಲಿತ್ತು. ವುಡಿ ಪೇನ್ ಅಂತಲಾದರೂ ಒಂದು ಪೂರ್ತಿ ಹೆಸರು ಹಾಕಿದ್ದರಲ್ಲ ಅನ್ನಿಸಿತು.

ಹೆಸರು ಹೇಳಿದ. ಆಮೇಲೆ, "ಬರೀಬ್ಯಾಡಿ ಬುಡಿ ಅಣ್ಣ. ಬರೆದ್ರೆ ನಮ್ಗೇನಾಯ್ತದೆ? ನಿಮ್ಗೆ ಒಳ್ಳೇ ಹೆಸ್ರು ಬತ್ತದೆ" ಅಂದ. ಕೊಂಕಿನಿಂದಲ್ಲ, ಅಡ್ರೆಸ್ ಹೇಳೋ ಹಾಗೆ ಹೇಳಿದ. ಹಿಂದುಗಡೆ ಹಾರ್ನ್ ಕೇಳುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತಿದ್ದನೇನೋ.

ಅದಕ್ಕೇ ಹೆಸರು ಇಲ್ಲಿ ಇಲ್ಲ.

ತಾತನ ತಮಟೆ ಏನಾಯ್ತು ಅಂತ ಕೇಳಿದೆ. ಅಟ್ಟದ ಮೇಲೆ ಇದೆಯಂತೆ, ಚರ್ಮವನ್ನು ಇಲಿ ಕಡಿದಿದೆಯಂತೆ. ಹೊಸ ಚರ್ಮ ಹಾಕಿಸೋಕೆ ದುಡ್ಡು ಕಳಿಸಲಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಐತೆ ಅಣ್ಣ. ನಿಮ್ಮಪ್ಪಾರು ದೇವಸ್ಥಾನದ ಕಮಿಟೀಲವ್ರಲ್ವಾ? ತಮಟೆಯೋರು ಇನ್ನೂ ಹೊರ್ಗಡೆ ಬೇವಿನ ಮರದತ್ರಾನೇ ನಿಂತ್ಕಂತಾರೆ. ಈ ಜಾತ್ರೇಲಿ ಒಳೀಕ್ ಬರ್ಬೋದಾ ಅಂತ ಒಂದ್ಮಾತು ಕೇಳ್ನೋಡಿ" ಅಂದ. ಸಿಗ್ನಲ್ ಬಿಟ್ಟಿತು, ಫೋನಿಟ್ಟ.

ಆನ್ಯುಯಲ್ ಡೇಯಲ್ಲಿ 'ಬ್ರೌನ್ ಶುಗರ್' ಬಿಟ್ಟು 'ಸ್ಟಾರ್ಟ್ ಮಿ ಅಪ್' ನುಡಿಸಿದೆವು. ಅದರ ಸಾಹಿತ್ಯವೂ ಮನೆಮಂದಿಯ ಮುಂದೆ ಹಾಡೋಂಥದ್ದಲ್ಲ ಬಿಡಿ. ಚಪ್ಪಾಳೆ ಬಿತ್ತು. ಒಳ್ಳೇ ನಿರ್ಧಾರ ಮಾಡಿದೆ ಅಂತ ಡ್ರಮ್ಸಿನವಳು ನನ್ನನ್ನು ಹೊಗಳಿದಳು. ಹಾಡು ಬಿಡೋದು ಅಷ್ಟೇನೂ ಕಷ್ಟ ಆಗಲಿಲ್ಲ.

ಜಾತ್ರೆಗೆ ಇನ್ನು ಏಳು ವಾರ ಇದೆ. ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡ್ತಾರೆ. ಮೊನ್ನೆಯೂ ಮಾಡಿದ್ದರು. ಕೊಬ್ಬರಿ ರೇಟು, ಬೋರ್‌ವೆಲ್ ಮೋಟಾರು, ಅವ್ವನ ಮಂಡಿನೋವು, ಎಲ್ಲಾ ಮಾತಾಡಿದೆವು. "ಇನ್ನೇನಪ್ಪಾ?" ಅಂದರು. ಗಿಟಾರ್ ತೊಡೆಯ ಮೇಲಿತ್ತು, ಓಪನ್ ಜಿಯಲ್ಲೇ ಇತ್ತು.

"ಏನಿಲ್ಲ ಅಪ್ಪಾಜಿ" ಅಂದೆ.