ನಿರಾಕರಣೆಯೂ ಸಮ್ಮತಿಯೂ

ಮೌನವು ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳುವುದುಂಟು. ಆದರೆ ನಿರಾಕರಣೆಯೇ ಸಮ್ಮತಿಯೆನಿಸಿಕೊಂಡ ಪ್ರಸಂಗವೊಂದು ೨೦೧೬ನೆಯ ಇಸವಿಯಲ್ಲಿ ಅನೇಕ ದೇಶಗಳ ಮನೆಗಳಲ್ಲಿ ನಡೆಯಿತು. ಗಣಕಯಂತ್ರವನ್ನು ನಡೆಯಿಸುವ ಮೂಲ ವ್ಯವಸ್ಥೆಯಾದ ವಿಂಡೋಸ್ ೧೦ನ್ನು ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರ ಜುಲೈ ೨೯ರಂದು ಹೊರತಂದು, ವಿಂಡೋಸ್ ೭ ಮತ್ತು ೮.೧ ಉಳ್ಳವರಿಗೆ ಒಂದು ವರ್ಷದವರೆಗೆ ಬೆಲೆಯಿಲ್ಲದೆ ಕೊಡುವುದಾಗಿ ಸಾರಿತು. ಕೊಡುಗೆಯೇನೋ ದೊಡ್ಡದೇ. ಆದರೆ ಬೇಡವೆಂದವರ ಪರದೆಯ ಮೇಲೂ ಅದೇ ಸೂಚನೆ ಮತ್ತೆ ಮತ್ತೆ ಮೂಡತೊಡಗಿತು. ಕಡೆಗೆ, ಮೂಲೆಯಲ್ಲಿನ ಗುಣಾಕಾರದ ಗುರುತನ್ನೊತ್ತಿ ಆ ಸೂಚನೆಯನ್ನು ಮುಚ್ಚಿದರೂ, ಗೊತ್ತುಮಾಡಿದ ಹೊತ್ತಿಗೆ ಹೊಸ ವ್ಯವಸ್ಥೆಯು ತಾನಾಗಿ ಬಂದು ನೆಲಸುವಂತಾಯಿತು. ಇಪ್ಪತ್ತು ವರ್ಷಗಳಿಂದ ‘ಸಾಕು’ ಎಂಬರ್ಥದಲ್ಲಿ ರೂಢಿಯಾಗಿದ್ದ ಗುರುತು ‘ಆಗಲಿ’ ಎಂಬರ್ಥವನ್ನು ತಾಳಿತು! ಒಪ್ಪಿಗೆಯಿಲ್ಲದೆ ಬಂದ ಈ ವ್ಯವಸ್ಥೆಯಿಂದ ಯಂತ್ರ ಕೆಟ್ಟಿತೆಂದು ಕ್ಯಾಲಿಫೋರ್ನಿಯದ ಮಹಿಳೆಯೊಬ್ಬರು ನ್ಯಾಯಾಲಯಕ್ಕೆ ಹೋಗಿ ೧೦,೦೦೦ ಡಾಲರು ಪರಿಹಾರ ಪಡೆದರು. ಸಂಸ್ಥೆಯು ಮೇಲ್ಮನವಿಯನ್ನು ಕೈಬಿಟ್ಟಿತು.

ಇಷ್ಟರಿಂದಲೇ, ತನ್ನ ಹಣದಿಂದ ಕೊಂಡ ಯಂತ್ರಕ್ಕೆ ತಾನೇ ಒಡೆಯನು, ನವೀಕರಿಸುವುದೂ ಬಿಡುವುದೂ ತನ್ನಿಚ್ಛೆಯೆಂದು ಗೃಹಸ್ಥನು ವಾದಿಸಿದರೆ, ಆ ವಾದವು ಅರ್ಧ ಮಾತ್ರ ಸರಿ. ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ಪಿಡುಗು ಹಬ್ಬಿತು. ಕಡತಗಳಿಗೆ ಬೀಗವಿಕ್ಕಿ, ಬಿಡುಗಡೆಗೆ ಹಣ ಕೇಳುವುದು ಅದರ ಬಗೆ. ಒಂದು ಯಂತ್ರವನ್ನು ಹೊಕ್ಕರೆ ಅಲ್ಲಿಂದ ತಾನಾಗಿ ಇನ್ನೊಂದಕ್ಕೆ ಹಾಯುತ್ತಿದ್ದಿತು. ಅದು ನುಗ್ಗಿದ ಬಿರುಕಿಗೆ ತೇಪೆಯು ಮಾರ್ಚಿ ೧೪ರಂದೇ ದೊರೆತಿತ್ತು. ಪೀಡಿತವಾದವುಗಳಲ್ಲಿ ಬಹುಪಾಲು ತೇಪೆ ಹಾಕಿಕೊಳ್ಳದ ವಿಂಡೋಸ್ ೭ರ ಯಂತ್ರಗಳೇ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಚಿಕಿತ್ಸೆಯ ದಿನಗಳು ರದ್ದಾದವು. ಹಿತ್ತಲಿನ ಕೊಳಚೆ ತನ್ನದೇ ಆದರೂ, ಅಲ್ಲಿ ಹುಟ್ಟಿದ ಸೊಳ್ಳೆ ಬೇಲಿಯನ್ನು ಲೆಕ್ಕಿಸುವುದಿಲ್ಲವಷ್ಟೆ.

ಹಾಗಾದರೆ ಬಲಾತ್ಕಾರವೇ ನ್ಯಾಯವೆ? ಇಲ್ಲೊಂದು ಸೂಕ್ಷ್ಮವುಂಟು. ಹರಿದುದಕ್ಕೆ ಹಾಕುವ ತೇಪೆ ಬೇರೆ, ಹೊಸ ಉಡುಪು ಬೇರೆ. ಮೊದಲನೆಯದು ನೆರೆಯವನಿಗೆ ಸಲ್ಲಬೇಕಾದ ಋಣ. ಎರಡನೆಯದು ಅಂಗಡಿಯವನ ಆಸೆ. ೨೦೧೬ರ ಫೆಬ್ರವರಿಯಲ್ಲಿ ಸಂಸ್ಥೆಯು ತನ್ನ ಹೊಸ ವ್ಯವಸ್ಥೆಯನ್ನು ‘ಶಿಫಾರಸಾದ’ ನವೀಕರಣಗಳ ಸಾಲಿಗೆ ಸೇರಿಸಿ, ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟಿತು. ದೋಷದ ಮೂಲ ಇದೇ. ತೇಪೆಯ ಅಡಿಯಲ್ಲಿ ಉಡುಪು ಅಡಗಿರುವುದನ್ನು ಕಂಡ ಮೇಲೆ ಬಾಗಿಲನ್ನೇ ತೆರೆಯದ ಗೃಹಸ್ಥರು ಹಲವರು; ಅವರು ಉಡುಪಿನೊಡನೆ ತೇಪೆಯನ್ನೂ ಕಳೆದುಕೊಂಡರು. ಅವರನ್ನು ಮೂಢರೆನ್ನಲಾಗದು. ೨೦೧೮ರ ಅಕ್ಟೋಬರಿನ ನವೀಕರಣವು ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ಸಂಸ್ಥೆಯು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಮಕ್ಕಳ ಭಾವಚಿತ್ರಗಳೆಲ್ಲ ಒಂದೇ ಯಂತ್ರದಲ್ಲಿರುವ ಮನೆಗೆ ಇಂಥ ಭಯ ಸಣ್ಣದಲ್ಲ.

೨೦೧೯ರ ಮೇ ತಿಂಗಳಿನಲ್ಲಿ ಒಂದು ಮಾರ್ಪಾಡಾಯಿತು. ಅದುವರೆಗೆ ವ್ಯಾಪಾರಸ್ಥರಿಗೆ ಮಾತ್ರ ಇದ್ದ ಸೌಕರ್ಯವನ್ನು ಮನೆಯ ಬಳಕೆಯವರಿಗೂ ಕೊಟ್ಟು, ಏಳೇಳು ದಿನಗಳಂತೆ ೩೫ ದಿನ ನವೀಕರಣವನ್ನು ತಡೆಹಿಡಿಯುವ ಅವಕಾಶ ಮಾಡಿದರು. ಬೇಡವೆನ್ನುವ ಅಧಿಕಾರವಲ್ಲ, ತಾಳು ಎನ್ನುವ ಅಧಿಕಾರ. ಇತರರ ಅನುಭವವನ್ನು ಕೇಳಿ, ಕಡತಗಳ ಪ್ರತಿಗಳನ್ನು ಬೇರೆಡೆ ತೆಗೆದಿಟ್ಟುಕೊಳ್ಳಲು ಅಷ್ಟು ದಿನ ಸಾಕಾಗುತ್ತಿದ್ದಿತು.